ಒಕ್ಕಣ್ಣನ ಶಿರಸ್ತ್ರಾಣ

ಮಾರ್ಚ್ ೬, ಗುರುವಾರ

ನಿನ್ನೆ, ಬೂದಿ ಬುಧವಾರ, ಪಾದ್ರಿಗಳು ಹಣೆಗೆ ಹಚ್ಚಿದ ಬೂದಿ ಇನ್ನೂ ಪೂರ್ತಿ ಹೋಗಿಲ್ಲ, ಇವತ್ತಾಗಲೇ ನನ್ನ ಬಾಯಿಂದ ಸುಳ್ಳು ಬಂತು. ಬರಲಿ. ಕೆಲವು ಸುಳ್ಳುಗಳಿಗೆ ಪಾಪ ತಟ್ಟುವುದಿಲ್ಲ.

ಬಾಗಿಲಿಗೆ ಬಂದವನು ತಿನೊ. ಮೀನು ಮಾರುಕಟ್ಟೆಯಲ್ಲಿ ಐಸ್ ಮಾರುವ ಫೌಸ್ತಿನೊ ಲಾರಾಕಾಸ್. ಬಾಗಿಲ ತುಂಬ ನಿಲ್ಲುವ ಆಳು, ಪಕ್ಕದ ಬೀದಿಗೂ ಕೇಳುವ ಗಂಟಲು.

"ಪಿನಾ! ನಾಯಿ ಗೀಯಿ ಇದ್ಯೇನಮ್ಮ ಒಳಗೆ?"

"ಇರ್ಲಿಲ್ಲ ಕುಯಾ. ಈಗ ತಾನೇ ಬಂತು."

ಹೊಟ್ಟೆ ಹಿಡಿದುಕೊಂಡು ನಕ್ಕ. ಬೈದರೂ ನಗುವವನಿಗೆ ಏನು ಮಾಡುವುದು! ಬಾಯಲ್ಲಿ ಕುಯಾ, ಅಣ್ಣ ಎಂದೆ. ಹೊಟ್ಟೆಯೊಳಗೆ ಅವನಿಗೆ ಬೇರೆ ಹೆಸರಿತ್ತು.

ಈ ವರ್ಷ ಅವನೇ ಒಕ್ಕಣ್ಣನಂತೆ. ಈಸ್ಟರ್ ದಿನದ ಆಟದಲ್ಲಿ ರೋಮನ್ ಸೈನಿಕರು ಊರೆಲ್ಲ ಅಟ್ಟಿಸಿಕೊಂಡು ಹೋಗಿ, ಹಿಡಿದು, ಚೌಕದಲ್ಲಿ ತಲೆ ಕಡಿಯುವ ಒಕ್ಕಣ್ಣ ದಳಪತಿ, ಯೇಸುವನ್ನು ನಂಬಿದ್ದೇ ಅವನ ತಪ್ಪು. ಆ ವೇಷಕ್ಕೆ ಊರಲ್ಲಿ ಎಷ್ಟು ಜನ ಬಾಯಿ ಬಿಡುತ್ತಾರೆ, ಸಿಕ್ಕಿದ್ದು ಈ ಐಸ್ ಮಾರುವವನಿಗೆ! ಎದೆಕವಚ, ಕಾಲ್ಗವಚ, ಮುಖವಾಡ ಸೇರಿದ ಶಿರಸ್ತ್ರಾಣ, ಎಲ್ಲವೂ ನನ್ನ ಕೈಯಿಂದಲೇ ಬೇಕಂತೆ. ಅದೂ ಮರದ್ದಲ್ಲ.

"ನೀನು ಮನಿಲಾ ಹುಡುಗರಿಗೆ ವೇಷದ ಸ್ಪರ್ಧೆಗೆ ಮಾಡ್ಕೊಡ್ತೀಯಲ್ಲ, ಡಬ್ಬಿಯಿಂದ ಪುಸ್ ಅಂತ ಬಂದು ಉಬ್ಕೊಳ್ಳುತ್ತಲ್ಲ, ಆ ಫೋಮಲ್ಲೇ ಮಾಡು. ಹಗುರ ಇರ್ಬೇಕು ಪಿನಾ. ತಲೆ ಮೇಲೆ ಏನೂ ಇಲ್ಲ ಅನ್ನಿಸ್ಬೇಕು."

"ತಲೆ ಒಳಗಂತೂ ಏನೂ ಇಲ್ಲ ಕುಯಾ. ಮೇಲೂ ಇಲ್ದಿದ್ರೆ ಗಾಳಿಗೆ ಹಾರಿ ಹೋಗ್ತೀರ."

ಮತ್ತೆ ನಗು. ಮಾಡಿಕೊಡುತ್ತೇನೆ, ನಿಮಗಲ್ಲದೆ ಇನ್ನಾರಿಗೆ ಎಂದೆ. ಅದೇ ಆ ಸುಳ್ಳು.

ಹೋದ ವರ್ಷದ್ದನ್ನು ಇಲ್ಲಿ ಬರೆದಿಡುತ್ತೇನೆ. ಕೆಲಸದ ನಡುವೆ ಮನಸ್ಸು ಮೆತ್ತಗಾದರೆ ತೆಗೆದು ಓದಲು ಬೇಕು.

ಅಮ್ಮನ ಮೂತ್ರಪಿಂಡ ಕೆಟ್ಟ ವರ್ಷ ಅಪ್ಪ ಹರಕೆ ಹೊತ್ತರು. ಪ್ರತಿ ಪವಿತ್ರ ವಾರ, ತಾವೇ ಹಾಲುವಾಣದ ಮರದಲ್ಲಿ ಕೆತ್ತಿದ ಮುಖವಾಡ ತೊಟ್ಟು, ರೋಮನ್ ಸೈನಿಕನ ವೇಷದ ಮೊರಿಯೋನ್ ಆಗಿ, ಸೈನಿಕರ ಸಾಲಿನಲ್ಲಿ ಬಿಸಿಲಿಗೆ ನಡೆಯುವುದು. ಮೊರಿಯೋನ್ ಮಾತಾಡಬಾರದು. ಮುಖ ತೋರಬಾರದು. ಒಳಗಿರುವವರು ಯಾರೆಂದು ಮನೆಯವರಿಗೂ ತಿಳಿಯಬಾರದು. ತಿಳಿದರೆ ನಡೆದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ನಮಗೆ ತಿಳಿದಿತ್ತು, ತಿಳಿಯದ ಹಾಗೆ ಇರುತ್ತಿದ್ದೆವು. ಮೆರವಣಿಗೆ ನಮ್ಮ ಮನೆ ಮುಂದೆ ಬಂದಾಗ ಒಬ್ಬ ಮೊರಿಯೋನ್ ನಿಂತು, ಗೇಟಿನ ಕಂಬಕ್ಕೆ ಬೆರಳ ಗೆಣ್ಣಿನಿಂದ ಎರಡು ಸಲ ಬಡಿಯುತ್ತಿದ್ದ. ಅಮ್ಮ ಲೋಟದಲ್ಲಿ ನೀರು, ಕುಡಿಯಲು ಕೊಳವೆ ಹಿಡಿದು ಹೋಗುತ್ತಿದ್ದಳು. ಆತ ಮುಖವಾಡದ ಬಾಯಿಯಿಂದ ಹೀರಿ ಮುಂದೆ ಹೋಗುತ್ತಿದ್ದ. ಆ ದಿನವೆಲ್ಲ ಅಮ್ಮ ಹಾಡಿಕೊಂಡೇ ಅಡುಗೆ ಮಾಡುತ್ತಿದ್ದಳು.

ಹೋದ ವರ್ಷ ಶುಭ ಶುಕ್ರವಾರ ಅಮ್ಮ ಹಾಸಿಗೆ ಹಿಡಿದಿದ್ದಳು. ನಾನು ಅವಳ ಪಕ್ಕ, ಕಿಟಕಿಯಲ್ಲಿ. ಚೌಕದ ಆ ತುದಿಯಲ್ಲಿ ಒಬ್ಬ ಮೊರಿಯೋನ್ ನಿಂತದ್ದು ಕಂಡೆ. ತಿನೊ ಗುಂಪಿನಿಂದ ನುಗ್ಗಿ ಬಂದು ಅವನ ಮುಖವಾಡವನ್ನು ಎರಡೂ ಕೈಯಲ್ಲಿ ಹಿಡಿದು ಕಿತ್ತ. ಒಳಗೆ ಅಪ್ಪ. ಕೂದಲು ಹಣೆಗೆ ಅಂಟಿ, ಬೆಳಕಿಗೆ ಕಣ್ಣು ಬಿಡಲಾಗದೆ, ಊರಿಡೀ ನೋಡುವ ಹಾಗೆ. ಮುಖವಾಡವನ್ನು ಎತ್ತಿ ಹಿಡಿದು ತಿನೊ ನಗುತ್ತಿದ್ದ. ಇಲ್ಲಿಯವರೆಗೂ ಹಲ್ಲು ಕಾಣುತ್ತಿತ್ತು. ನಾಲ್ಕು ಜನ ಅವನ ಜೊತೆ ನಕ್ಕರು.

ಜೂನಿನಲ್ಲಿ ಅಮ್ಮ ಹೋದಳು. ತಿನೊ ಏನೋ ಸಮಜಾಯಿಷಿ ಹೇಳಲು ಬಂದಿದ್ದ, ಮುಖದ ಮೇಲೆ ಬಾಗಿಲು ಹಾಕಿದೆ. ಅಪ್ಪ ಅಂದಿನಿಂದ ಉಳಿ ಮುಟ್ಟಿಲ್ಲ. ಮಾತೂ ಹೆಚ್ಚು ಕಡಿಮೆ ನಿಂತೇ ಹೋಗಿದೆ. ಹಿತ್ತಲಲ್ಲಿ ಗೋಡೆ ನೋಡುತ್ತ ಕೂರುತ್ತಾರೆ.

ಅವನು ನನ್ನಪ್ಪನ ಮುಖವಾಡ ಕಿತ್ತ. ನಾನು ಅವನದು ಕೀಳಲು ಬಾರದ ಹಾಗೆ ಮಾಡುತ್ತೇನೆ. ಒಕ್ಕಣ್ಣನ ತಲೆ ಕಡಿಯುವಾಗ ಮೇಲೆ ಕೆಂಪು ಬಟ್ಟೆ ಹೊದಿಸಿ, ಅದರ ಕೆಳಗಿನಿಂದ ಶಿರಸ್ತ್ರಾಣ ಎತ್ತಿ ಕತ್ತಿಯ ತುದಿಯಲ್ಲಿ ತೋರಿಸಬೇಕು. ಅದು ಬರದಿರಲಿ. ಕಟುಕನ ವೇಷದವನು ಎಳೆಯಲಿ, ಜಗ್ಗಲಿ, ಎದೆಗೆ ಕಾಲು ಕೊಟ್ಟು ಕೀಳಲಿ. ಊರು ಬಿದ್ದು ಬಿದ್ದು ನಗಲಿ. ಅವನು ಸಾಯಬೇಕಾಗಿಲ್ಲ. ಬದುಕಿದ್ದು ಮಾರುಕಟ್ಟೆಯಲ್ಲಿ ತಲೆ ಎತ್ತದ ಹಾಗಾದರೆ ನನಗೆ ಸಾಕು.

ಮಾರ್ಚ್ ೯, ಭಾನುವಾರ

ಅಳತೆ ತೆಗೆದೆ. ತಲೆ ಕುಂಬಳಕಾಯಿ ಗಾತ್ರ. ಟೇಪನ್ನು ಕತ್ತಿಗೆ ಸುತ್ತಿದಾಗ ಸ್ವಲ್ಪ ಹೆಚ್ಚೇ ಬಿಗಿದೆ.

"ಅಳತೆ ತಗೊಳ್ತಿದ್ಯೋ, ಇಲ್ಲೇ ಮುಗಿಸ್ತಿದ್ಯೋ?"

"ಕೆಲಸ ಅಂದ್ರೆ ಸರಿಯಾಗಿ ಆಗ್ಬೇಕು ಕುಯಾ."

ಅಪ್ಪನಿಗೆಂದು ಐಸಿನಲ್ಲಿಟ್ಟ ಒಂದು ಬಂಗಡೆ ಮೀನು ತಂದಿದ್ದ. ಲಂಚ! ಅವನು ಹೋದ ಮೇಲೆ ಬೆಕ್ಕಿಗೆ ಹಾಕಿದೆ. ಮಾನಗೆಟ್ಟ ಬೆಕ್ಕು ಚಪ್ಪರಿಸಿಕೊಂಡು ತಿಂದಿತು.

ಮಾರ್ಚ್ ೧೪, ಶುಕ್ರವಾರ

ಈ ಫೋಮಿನ ಗುಣ ನನಗೆ ಗೊತ್ತು. ಡಬ್ಬಿಯಿಂದ ಬರುವಾಗ ಹಾಲಿನ ಕೆನೆಯಷ್ಟು ಮೆತ್ತಗೆ, ಒಂದು ಗಳಿಗೆಯಲ್ಲಿ ಮೂರು ಪಟ್ಟು ಉಬ್ಬುತ್ತದೆ. ಗಾಳಿಯ ತೇವ ಕುಡಿದೇ ಅದು ಗಟ್ಟಿಯಾಗುವುದು. ಹೊಸಬರು ಮಾಡುವ ತಪ್ಪು ಒಂದೇ: ದಪ್ಪಗೆ ತುಂಬಿಬಿಡುತ್ತಾರೆ. ಮೇಲೆ ಪದರ ಕಟ್ಟಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಎಷ್ಟೋ ದಿನದ ಮೇಲೆ ಸೆಕೆಯೋ ತೇವವೋ ತಾಗಿದರೆ ಎದ್ದು ಕೂರುತ್ತದೆ. ಹಸಿಯದ್ದು ಕೂದಲಿಗೆ ತಾಗಿತೋ, ಬೋಳಿಸುವುದೇ ದಾರಿ.

ಆ ತಪ್ಪನ್ನೇ ಬೇಕೆಂದು ಮಾಡಿ ನೋಡಿದೆ. ತೆಳು ಪ್ಲಾಸ್ಟಿಕ್ ಕೊಳವೆಯಲ್ಲಿ ಫೋಮ್ ತುಂಬಿ ಗಾಳಿ ಹೋಗದ ಹಾಗೆ ಬಿಗಿದೆ. ಅಲ್ಲಲ್ಲಿ ತೂತು ಕೊರೆದು, ಅದರ ಮೇಲೆ ಅಕ್ಕಿಗಂಜಿಯಲ್ಲಿ ಕಾಗದ ಅಂಟಿಸಿದೆ. ಇದನ್ನು ಒಂದು ಹಳೆಯ ಶಿರಸ್ತ್ರಾಣದ ಕತ್ತಿನ ಸುತ್ತ ಒಳಗಡೆ ಕೂರಿಸಿ, ತಲೆಯ ಬದಲು ಒಂದು ಚಕ್ಕೋತ ಹಣ್ಣಿಟ್ಟೆ. ಬಟ್ಟೆ ಒದ್ದೆ ಮಾಡಿ ಸುತ್ತಿ ಬಿಸಿಲಲ್ಲಿ ಬಿಟ್ಟೆ. ಗಂಜಿ ಕರಗಿತು, ಕಾಗದ ಕಳಚಿತು, ಫೋಮ್ ಹೊರಗೆ ಬಂತು.

ಮಧ್ಯಾಹ್ನದ ಹೊತ್ತಿಗೆ ಚಕ್ಕೋತ ಅಲುಗಲಿಲ್ಲ. ಬುಡ ಹಿಡಿದು ಎಳೆದೆ, ಮೊಣಕಾಲಿಗೆ ಕೊಟ್ಟು ಎಳೆದೆ. ಸಿಪ್ಪೆ ಕಿತ್ತು ಬಂತು, ಹಣ್ಣು ಬರಲಿಲ್ಲ. ಕೂತು ನಕ್ಕೆ. ಅಮ್ಮ ಹೋದ ಮೇಲೆ ಇಷ್ಟು ನಕ್ಕದ್ದು ಇದೇ ಮೊದಲು.

ಬೆವರುವವನ ಬೆವರೇ ಅವನಿಗೆ ಬಲೆ. ನನ್ನ ಕೈ ಎಲ್ಲೂ ಕಾಣುವುದಿಲ್ಲ. ಬಿಸಿಲು ಜಾಸ್ತಿಯಾಯಿತು, ಪಾಪ, ಎಂದರಾಯಿತು.

ಮಾರ್ಚ್ ೨೧, ಶುಕ್ರವಾರ

ಎದೆಕವಚ ಚೆನ್ನಾಗಿ ಬಂತು. ಬ್ರೆಡ್ ಕೊಯ್ಯುವ ಚಾಕುವಿನಲ್ಲಿ ಹೊಟ್ಟೆಯ ಆರು ಗಂಟು ಕೊರೆದು, ಮೇಲೆ ಕಾಗದದ ಪಟ್ಟಿ ಅಂಟಿಸಿ, ಕಂಚಿನ ಬಣ್ಣ ಬಳಿದೆ. ನಿಜವಾದ ತಿನೊನ ಹೊಟ್ಟೆಯಲ್ಲಿ ಒಂದೇ ಗಂಟಿರುವುದು. ತೊಂದರೆ ಕೊಟ್ಟದ್ದು ಮುಖ. ಮನಿಲಾ ಹುಡುಗರಿಗೆ ರಾಕ್ಷಸ, ಯಂತ್ರಮಾನವ ಸಾಕು. ಒಕ್ಕಣ್ಣನದು ಮನುಷ್ಯನ ಮುಖ. ಎಷ್ಟು ಕೊರೆದರೂ ಹಲ್ಲುನೋವು ಬಂದವನ ಹಾಗಿದೆ.

ಸಿಟ್ಟಿನಲ್ಲಿ ಹಿತ್ತಲಿಗೆ ಎಸೆದೆ. ಅಪ್ಪನ ಕಾಲ ಬಳಿ ಬಿತ್ತು. ಎತ್ತಿಕೊಂಡರು. ಮರವನ್ನು ಬಡಿದು ನೋಡುವ ಅಭ್ಯಾಸ, ಇದಕ್ಕೂ ಗೆಣ್ಣಿನಿಂದ ಬಡಿದರು. ಕಿವಿ ಕೊಟ್ಟರು.

"ಇದಕ್ಕೆ ದನಿಯೇ ಇಲ್ವಲ್ಲೇ," ಅಂದರು. ಆಮೇಲೆ, "ಮೂಗು ತಪ್ಪು. ಕಣ್ಣು ಒಂದೇ ಇರೋನು ಆ ಕಣ್ಣಿನ ಕಡೆಗೇ ಕತ್ತು ತಿರುಗಿಸಿರ್ತಾನೆ. ಮೂಗೂ ಆ ಕಡೆಗೇ ಇರುತ್ತೆ."

ಎಷ್ಟು ತಿಂಗಳಾಯಿತೋ ಇಷ್ಟು ಮಾತು ಕೇಳಿ. ಅಡುಗೆಮನೆಗೆ ಹೋಗಿ ಸುಮ್ಮನೆ ನೀರು ಬಿಟ್ಟುಕೊಂಡು ನಿಂತೆ. ಒಳ್ಳೆಯದಾಯಿತು, ಮುಖ ಚೆನ್ನಾಗಿ ಬಂದಷ್ಟೂ ತಿನೊಗೆ ಅನುಮಾನ ಬರುವುದಿಲ್ಲ.

ಮಾರ್ಚ್ ೨೪, ಸೋಮವಾರ

ಅಪ್ಪ ಮೂಗು ಕೊರೆದರು. ನನ್ನ ಚಾಕು ಹಿಡಿದು "ಇದು ಆಯುಧಾನಾ? ಇದ್ರಲ್ಲಿ ನಿಮ್ಮಮ್ಮ ಬ್ರೆಡ್ ಕೊಯ್ತಿದ್ಲು" ಎಂದು ಹಂಗಿಸಿದರು. ಫೋಮಿಗೆ ಹಿಡಿಶಾಪ: "ಮರ ಕೆತ್ತಿದ್ರೆ ಒಳಗಿರೋ ಮುಖ ಹೊರಗೆ ಬರುತ್ತೆ. ಇದ್ರೊಳಗೆ ಇರೋದೇ ಗಾಳಿ. ಗಾಳಿಗೆ ಮುಖ ಎಲ್ಲಿಂದ ತರೋಣ?" ಆದರೂ ಬಿಡಲಿಲ್ಲ. ತುಟಿ ಅವರದು, ಗಡ್ಡ ನನ್ನದು. ಗಡ್ಡಕ್ಕೆ ಫೋಮನ್ನು ಎಳೆ ಎಳೆಯಾಗಿ ಬಿಟ್ಟು, ಹಸಿ ಇದ್ದಾಗಲೇ ಬಾಚಣಿಗೆಯಲ್ಲಿ ತೀಡಿದೆ. ಅಪ್ಪ ಬಗ್ಗಿ ನೋಡಿ "ಹೂಂ" ಅಂದರು. ಅವರ ಬಾಯಲ್ಲಿ ಹೂಂ ಎಂದರೆ ಬೇರೆಯವರ ಬಾಯಲ್ಲಿ ಚಪ್ಪಾಳೆ.

ಒಣಮೀನು, ಬೆಳ್ಳುಳ್ಳಿ ಹಾಕಿ ಹುರಿದ ಅನ್ನ. ಅಪ್ಪ ಎರಡನೇ ಸಲ ಬಡಿಸಿಕೊಂಡರು.

ಮಾರ್ಚ್ ೨೯, ಶನಿವಾರ

ಅಪ್ಪನ ಮುಖವಾಡ ಕಿತ್ತು, ತಾರೀಖಿನ ಲೆಕ್ಕಕ್ಕೆ, ಇವತ್ತಿಗೆ ಒಂದು ವರ್ಷ. ಮೊದಲ ಪುಟ ಓದಿದೆ. ಅವನ ಹಲ್ಲು.

ಏಪ್ರಿಲ್ ೨, ಬುಧವಾರ

ತಿನೊ ತೊಟ್ಟು ನೋಡಲು ಬಂದಿದ್ದ. ಬಂದವನು ತಕರಾರು ಶುರು ಮಾಡಿದ.

"ಕಾಲ್ಗವಚ ನಾಲ್ಕು ಬೆರಳು ಗಿಡ್ಡ ಮಾಡು ಪಿನಾ. ಓಡೋಕೆ ಅಡ್ಡ ಬರುತ್ತೆ."

"ನಿಮ್ ಮೊಣಕಾಲು ಕಾಣುತ್ತೆ ಕುಯಾ, ಮಕ್ಕಳು ಹೆದರ್ಕೊಳ್ತಾರೆ."

"ಹೆದರ್ಲಿ ಬಿಡು. ಆಮೇಲೆ ತಲೆಗೆ ಒಳಗಡೆ ಬಟ್ಟೆ ಇಟ್ಟು ಬಿಗಿ ಮಾಡು. ಸಡಿಲ ಆಯ್ತು."

ಸಡಿಲ! ಆ ಕುಂಬಳಕಾಯಿಗೆ ಅಳೆದು ಮಾಡಿದ್ದು. ತಪಸ್ಸಿನ ಕಾಲದಲ್ಲಿ ಉಪವಾಸ ಮಾಡಿ ತಲೆ ಇಳಿಯಿತೋ ಏನೋ. ಜಗಳ ಯಾಕೆ, ಹೂಂ ಎಂದೆ. ಒಳಗೆ ಬಟ್ಟೆ ದಪ್ಪವಾದಷ್ಟೂ ಬೆವರು ಹೆಚ್ಚು.

ನಾನು ಅಂಟು ಕಲಸಿ ಬರುವಷ್ಟರಲ್ಲಿ ಅವನು ಹಿತ್ತಲಲ್ಲಿ ಅಪ್ಪನ ಪಕ್ಕ ಕೂತಿದ್ದ. ಪಿಸಪಿಸ ಮಾತು. ಆ ಗಂಟಲಿಗೆ ಪಿಸುಮಾತೂ ಬರುತ್ತದೆಂದು ಇವತ್ತೇ ಗೊತ್ತಾದದ್ದು. ನನ್ನನ್ನು ಕಂಡು ಎದ್ದ. ಅಪ್ಪನ ಮುಖದಲ್ಲಿ ಏನೋ ಕಳೆ. ಮಾತಿನಲ್ಲಿ ಮರುಳು ಮಾಡಿ ಕ್ಷಮೆ ಗಿಟ್ಟಿಸುವ ಆಟ ಇರಬೇಕು. ಅಪ್ಪ ಸಾಧು, ಯಾರು ಬೆನ್ನು ಸವರಿದರೂ ಕರಗುತ್ತಾರೆ. ನಾನು ಅಪ್ಪನಲ್ಲ.

ಏಪ್ರಿಲ್ ೯, ಬುಧವಾರ

ಅಪ್ಪ ಬೆಳಿಗ್ಗೆ ನಡೆಯಲು ಹೋಗುತ್ತಾರೆ ಈಗ. ಚರ್ಚಿನವರೆಗೆ ಹೋಗಿ, ಗದ್ದೆ ಬದುವಿನ ಮೇಲೆ ಸುತ್ತಿ ಬರುತ್ತಾರೆ. ಪಕ್ಕದ ಮನೆಯ ಆಲಿಂಗ್ ಬೇಬಂಗ್, ಗೇಟಿನ ಹತ್ತಿರ ಅಕ್ಕಿರೊಟ್ಟಿಯ ಅಂಗಡಿ ಇಟ್ಟಿರುವವಳು, ಊರ ಸುದ್ದಿಗೆಲ್ಲ ಅವಳೇ ಗಂಟೆ. ನನ್ನನ್ನು ನಿಲ್ಲಿಸಿ ಕೇಳಿದಳು:

"ಏನೇ, ನಿಮ್ಮಪ್ಪ ಮತ್ತೆ ಮದುವೆ ಗಿದುವೆ ಆಗೋ ಯೋಚನೇಲಿದ್ದಾರಾ? ಎದೆ ಮುಂದೆ ಮಾಡ್ಕೊಂಡು ನಡೀತಿದ್ರು!"

"ಹೆಣ್ಣು ನೀವೇ ಅಂತೆ ಆಂಟಿ."

"ಥೂ, ಹಲ್ಲಿಲ್ಲದೋರು ಬೇಡಮ್ಮ ನಂಗೆ."

ಸೊಂಟದ ಪಟ್ಟಿ, ಕೆಂಪು ತುರಾಯಿ ಮುಗಿಯಿತು. ಅಪ್ಪನೂ ನಾನೂ ಶಿರಸ್ತ್ರಾಣವನ್ನು ಕಿಟಕಿಯ ಮೇಲಿಟ್ಟು ದೂರದಿಂದ ನೋಡಿದೆವು. ಕುರುಡು ಕಣ್ಣಿನ ಕಡೆಯಿಂದ ನೋಡಿದರೆ ಕ್ರೂರ, ಇನ್ನೊಂದು ಕಡೆಯಿಂದ ಅಳು ತಡೆದವನ ಹಾಗೆ. ನಾನು ಮಾಡಿದ್ದರಲ್ಲಿ ಇಷ್ಟು ಚೆನ್ನಾಗಿ ಯಾವುದೂ ಬಂದಿಲ್ಲ. ಇದು ಚಾಕುವಿಗೆ ಸಿಕ್ಕಿ ಹೋಳಾಗುತ್ತದಲ್ಲ ಎಂದು ಸ್ವಲ್ಪ ಹೊಟ್ಟೆ ಉರಿಯಿತು. ಇರಲಿ. ಮುಖವಾಡ ಇನ್ನೊಂದು ಮಾಡಬಹುದು.

ಏಪ್ರಿಲ್ ೧೩, ಗರಿಗಳ ಭಾನುವಾರ

ಚರ್ಚಿನ ಮುಂದೆ ತಿನೊ ಸಿಕ್ಕ. ಗರಿ ಅಲ್ಲಾಡಿಸುತ್ತ ಕೂಗಿದ: "ಪಿನಾ, ಆ ತಲೆ ಸುಲಭವಾಗಿ ಬಿಚ್ಕೊಳ್ಳುತ್ತೆ ತಾನೇ? ತುಂಬ ಹೊತ್ತು ಉಸಿರು ಕಟ್ಟಬಾರದು, ನೋಡು."

"ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬರುತ್ತೆ ಕುಯಾ."

ಹೆದರಿದ್ದಾನೆ. ಊರ ಮುಂದೆ ಬಯಲಾಗುವುದೆಂದರೆ ಏನೆಂದು ಅವನಿಗೂ ಗೊತ್ತಿದೆ ಎಂದಾಯಿತು.

ಏಪ್ರಿಲ್ ೧೮, ಶುಭ ಶುಕ್ರವಾರ

ಊರು ಸ್ತಬ್ಧ. ರೇಡಿಯೋ ಇಲ್ಲ, ಮಾಂಸವಿಲ್ಲ, ಮೂರು ಗಂಟೆಯ ಮೇಲೆ ಸ್ನಾನವೂ ಇಲ್ಲ. ದೇವರು ಸತ್ತಿರುವ ದಿನ ಆದ ಗಾಯ ಮಾಯುವುದಿಲ್ಲ ಎಂದು ಅಮ್ಮ ಚಾಕು, ಕತ್ತರಿ ಎಲ್ಲ ಎತ್ತಿಡುತ್ತಿದ್ದಳು. ನಾನು ಬಾಗಿಲು ಹಾಕಿಕೊಂಡು ಶಿರಸ್ತ್ರಾಣದ ಕತ್ತಿನ ಸುತ್ತ ಕಾಲುವೆ ಕೊರೆದೆ. ಇವತ್ತೇ ಆಗಬೇಕೆಂದಿತ್ತು. ಅಪ್ಪನ ಮುಖ ಬಯಲಾದದ್ದು ಇಂಥ ಶುಕ್ರವಾರವೇ.

ಚಾಕು ಜಾರಿ ಹೆಬ್ಬೆರಳು ಕೊಯ್ದುಕೊಂಡೆ. ಬಟ್ಟೆ ಸುತ್ತಿದ್ದು ಬೇಬಂಗ್ ಕಣ್ಣಿಗೆ ಬಿತ್ತು.

"ಇವತ್ತು ಚಾಕು ಹಿಡಿದ್ಯೇನೇ? ಅಯ್ಯೋ ದೇವ್ರೇ! ಇದು ಹೋಗಲ್ಲ ಕಣೆ, ಇನ್ನು ಇದರ ಜೊತೇಲೇ ಇರ್ತೀಯ."

"ಮೀನಿನ ಮುಳ್ಳು ಆಂಟಿ."

"ಎಷ್ಟು ದೊಡ್ಡ ಮೀನೇ ಅದು?"

ದೊಡ್ಡದೇ. ಇನ್ನೆರಡು ದಿನಕ್ಕೆ ಗಾಳಕ್ಕೆ ಬೀಳುತ್ತದೆ.

ಏಪ್ರಿಲ್ ೨೦, ಈಸ್ಟರ್, ಬೆಳಿಗ್ಗೆ

ಕೊಳವೆ ತುಂಬಿ ಕೂರಿಸಿದೆ. ಮೇಲೆ ಬಟ್ಟೆ ಹೊಲಿದೆ. ತಿನೊ ಬಂದು ಎಲ್ಲ ಗಂಟು ಕಟ್ಟಿಕೊಂಡು ಹೋದ. ಅಪ್ಪ ಅದಕ್ಕೂ ಮೊದಲೇ ಪೂಜೆಗೆಂದು ಹೋಗಿದ್ದಾರೆ. ಬಿಸಿಲು ಈಗಲೇ ಚುರುಗುಟ್ಟುತ್ತಿದೆ. ಅಮ್ಮನ ಹಸಿರು ಉಡುಪು ಹಾಕಿಕೊಂಡಿದ್ದೇನೆ. ಹಬ್ಬ ನನ್ನದು.

ಅದೇ ದಿನ, ಸಂಜೆ

ಹೆಬ್ಬೆರಳಿನ ರಕ್ತ ಪುಟಕ್ಕೆ ತಾಗುತ್ತಿದೆ. ಆದರೂ ಬರೆಯುತ್ತೇನೆ.

ಗೇಟಿನ ಬಳಿ ಕುರ್ಚಿ ಹಾಕಿ ಕೂತಿದ್ದೆ. ಮೊದಲು ಇಲ್ಲಿ ನೋಡುವುದು, ಆಮೇಲೆ ಹಿಂದೆಯೇ ಚೌಕಕ್ಕೆ ಹೋಗಿ ಮುಂದಿನ ಸಾಲಿನಲ್ಲಿ ನಿಲ್ಲುವುದು ಎಂದು. ಡೋಲು ಕೇಳಿಸಿತು. ಒಕ್ಕಣ್ಣ ಬೀದಿ ತಿರುವಿನಲ್ಲಿ ಕಾಣಿಸಿಕೊಂಡ. ಓಡುತ್ತಿರಲಿಲ್ಲ. ನಡೆಯುತ್ತಿದ್ದ. ಹಿಂದೆ ಅಟ್ಟಿಸಿಕೊಂಡು ಬರಬೇಕಾದ ಸೈನಿಕರು ದಾರಿ ಕಾಣದೆ ತಾವೂ ನಡೆಯುತ್ತಿದ್ದರು. ಮಕ್ಕಳು ಓಡು, ಓಡು ಎಂದು ಕಿರಿಚುತ್ತಿದ್ದವು.

"ಇದ್ಯಾವ ಸೀಮೆ ಒಕ್ಕಣ್ಣನೇ!" ಎಂದಳು ಬೇಬಂಗ್. "ಮದುವೆ ಹೆಣ್ಣಿನ ಹಾಗೆ ನಡೀತಾನೆ!"

ನಾನು ಎದ್ದು ನಿಂತು ಕೂಗಿದೆ. "ಓಡೋ ಹಂದಿ! ಓಡು!" ಆ ಗದ್ದಲದಲ್ಲಿ ಯಾರಿಗೆ ಕೇಳುತ್ತದೆ ಎಂದು, ಒಂದು ವರ್ಷದ್ದೆಲ್ಲ ಸೇರಿಸಿ ಕೂಗಿದೆ.

ಒಕ್ಕಣ್ಣ ನಮ್ಮ ಗೇಟಿನ ಮುಂದೆ ನಿಂತ. ಕೈ ಎತ್ತಿ, ಕಂಬಕ್ಕೆ ಗೆಣ್ಣಿನಿಂದ ಎರಡು ಸಲ ಬಡಿದ.

ಬೇಬಂಗ್ ಏನೋ ಹೇಳುತ್ತಿದ್ದಳು. ನಾನು ಕಾಲ್ಗವಚ ನೋಡುತ್ತಿದ್ದೆ. ನಾಲ್ಕು ಬೆರಳು ಗಿಡ್ಡ ಮಾಡಿದ್ದು ಮೊಣಕಾಲಿಗೆ ಸರಿಯಾಗಿ ಕೂತಿತ್ತು, ಅಳೆದು ಮಾಡಿದ ಹಾಗೆ. ಆಮೇಲೆ ಕತ್ತು ನೋಡಿದೆ. ಹೊಲಿಗೆ ಬಿರಿದು ಹಳದಿ ಫೋಮ್ ಗಡ್ಡದ ಮೇಲೆ ಇಳಿದಿತ್ತು. ತಿನೊನ ತಲೆಗಾದರೆ ಬಾಯಿಯ ತೂತು ಬಾಯಿಗೇ ಬರುತ್ತಿತ್ತು. ಇದು ಚಿಕ್ಕ ತಲೆ, ಶಿರಸ್ತ್ರಾಣ ಕೆಳಗೆ ಜಾರಿ ತೂತು ಗದ್ದದ ಹತ್ತಿರ ಹೋಗಿತ್ತು. ನಾನೇ ತುರುಕಿದ ಬಟ್ಟೆ ಫೋಮನ್ನು ಹಿಂದಕ್ಕೆ ಬಿಡದೆ ಮುಂದಕ್ಕೆ ತಳ್ಳಿತ್ತು. ತೂತು ಅರ್ಧ ಮುಚ್ಚಿತ್ತು.

ಕಂಬಕ್ಕೆ ಇನ್ನೊಂದು ಸಲ ಬಡಿದರು. ಕೂಗಬಹುದಿತ್ತು. ಕೂಗಲಿಲ್ಲ. ಮೊರಿಯೋನ್ ಮಾತಾಡಬಾರದು. ಮೊಣಕಾಲು ಮಡಚಿತು.

ಒಳಗೆ ಹೋದದ್ದು, ಚಾಕು ತಂದದ್ದು ನೆನಪಿಲ್ಲ. ಗಡ್ಡದ ಕೆಳಗಿನಿಂದ ಕಿವಿಯವರೆಗೆ ಕೊಯ್ದೆ, ಎರಡೂ ಕೈ ಹಾಕಿ ಹರಿದೆ. ಆ ಮೂಗು, ಆ ತುಟಿ, ಎಲ್ಲ ಹೋಳಾಯಿತು. ಹೆಬ್ಬೆರಳ ಗಾಯ ಬಿಚ್ಚಿಕೊಂಡು ಎಲ್ಲೆಲ್ಲೂ ರಕ್ತ. ಕಿತ್ತದ್ದನ್ನು ಎತ್ತಿ ಹಿಡಿದು ಜನರ ಕಡೆ ತಿರುಗಿ ಕೂಗಿದೆ, ಕೂಗಿದೆ. ಕೆಳಗೆ ಅಪ್ಪ, ಬಿಸಿಲಿಗೆ ಕಣ್ಣು ಬಿಡಲಾಗದೆ, ಊರಿಡೀ ನೋಡುವ ಹಾಗೆ.

ಕೆಲವರು ಚಪ್ಪಾಳೆ ತಟ್ಟಿದರು. ಇದೂ ಆಟದ ಭಾಗ ಎಂದುಕೊಂಡರು. ಕೆಲವರು ನಕ್ಕರು.

ಹಿಂದಿನ ಸೈನಿಕರಲ್ಲಿ ಒಬ್ಬ ತನ್ನ ಮುಖವಾಡ ಕಿತ್ತೆಸೆದು ಓಡಿ ಬಂದ. ತಿನೊ. ಬೇಬಂಗ್‌ಳ ಅಂಗಡಿಯ ನೀರಿನ ಬಕೆಟ್ ಎತ್ತಿ ಅಪ್ಪನ ತಲೆಗೆ ಸುರಿದ, ಎದೆಕವಚ ಬಿಚ್ಚಿದ, ಬೆನ್ನು ತಟ್ಟಿದ. ಅಪ್ಪ ಕೆಮ್ಮಿದರು, ಉಸಿರು ಎಳೆದರು. ಆಗ ತಿನೊ ಹರಿದ ಕತ್ತಿನೊಳಗೆ ಬೆರಳು ಹಾಕಿ ಪ್ಲಾಸ್ಟಿಕ್ ತುಂಡು ಹೊರಗೆ ತೆಗೆದ. ಗಂಜಿ ಕಾಗದ ಅದಕ್ಕೆ ಇನ್ನೂ ಅಂಟಿಕೊಂಡೇ ಇತ್ತು. ಅದನ್ನು ನೋಡಿದ. ನನ್ನನ್ನು ನೋಡಿದ. ಸೊಂಟದ ಪಟ್ಟಿಯೊಳಗೆ ಸಿಕ್ಕಿಸಿಕೊಂಡ.

"ಬಿಸಿಲಿಗೆ ಫೋಮ್ ಉಬ್ಕೊಂಡಿದೆ, ಅಷ್ಟೇ!" ಎಂದು ಜನಕ್ಕೆ ಕೂಗಿದ. "ಜಾಗ ಬಿಡ್ರಪ್ಪ, ಗಾಳಿ ಬರ್ಲಿ! ಏನು ನೋಡ್ತೀರ, ಮುದುಕರನ್ನ ನೋಡೇ ಇಲ್ವಾ?"

ಅಪ್ಪನನ್ನು ಮನೆಗೆ ಎತ್ತಿ ತಂದವನೂ ಅವನೇ. ಹುಬ್ಬು, ಗಡ್ಡ, ಹಿಂಗೂದಲು ಎಲ್ಲ ಬೋಳಿಸಬೇಕಾಯಿತು. ಅವನು ತಲೆ ಹಿಡಿದ, ನಾನು ಕತ್ತರಿ ಹಿಡಿದೆ. ಅಪ್ಪ ಕಣ್ಣು ಮುಚ್ಚಿ ಮಲಗಿದ್ದರು.

"ಅವರೇ ಈ ವೇಷ ಕೇಳಿದ್ರು," ಎಂದ ತಿನೊ ಮೆಲ್ಲಗೆ. "ಕಾರ್ಮಿನ ಹೋದ್ರೂ ಹರಕೆ ಹೋಗಿಲ್ಲ, ಮುಗಿಸ್ಬೇಕು, ಮರ ಹೊರೋ ಶಕ್ತಿ ಇಲ್ಲ ಅಂದ್ರು. ಅದಕ್ಕೇ ನಾನು ನಿನ್ನ ಹತ್ರ ಬಂದಿದ್ದು. ನಿನಗೆ ಹೇಳ್ಬಾರ್ದು ಅಂದ್ರು. ಹರಕೆ ಅಲ್ವಾ."

ಅಮ್ಮನ ಹೆಸರು ಅವನ ಬಾಯಲ್ಲಿ ಕೇಳಿ ಮೈ ಉರಿಯಿತು.

"ಆ ಪ್ಲಾಸ್ಟಿಕ್ ಕೊಡಿ."

"ಯಾವ ಪ್ಲಾಸ್ಟಿಕ್? ಕೈ ತೋರ್ಸು, ರಕ್ತ ನಿಂತಿಲ್ಲ."

"ಮುಟ್ಬೇಡಿ."

ಅವನು ಮುಟ್ಟಲಿಲ್ಲ. ಕತ್ತರಿಸಿದ ಕೂದಲು ಗುಡಿಸಿ, ಹೊರಗೆ ಹಾಕಿ ಹೋದ. ಬೈದಿದ್ದರೆ ಚೆನ್ನಾಗಿತ್ತು. ಊರ ಮುಂದೆ ಹೇಳಿದ್ದರೆ ಇನ್ನೂ ಚೆನ್ನಾಗಿತ್ತು. ಅವನ ಮೇಲಿನ ಸಿಟ್ಟು ಇನ್ನೂ ಹಾಗೇ ಇದೆ. ಎಲ್ಲಿಡಬೇಕೆಂದು ತಿಳಿಯುತ್ತಿಲ್ಲ.

ಏಪ್ರಿಲ್ ೨೧, ಸೋಮವಾರ

ಅಪ್ಪ ಎದ್ದು ಕೂತಿದ್ದಾರೆ. ಹುಬ್ಬಿಲ್ಲದ ಮುಖ ಮೊಟ್ಟೆಯ ಹಾಗಿದೆ. ಬೆಳಿಗ್ಗೆ ಕನ್ನಡಿ ಕೇಳಿದರು, ತುಂಬ ಹೊತ್ತು ನೋಡಿಕೊಂಡರು.

"ಮುಂದಿನ ವರ್ಷ ಮರದ್ದೇ," ಅಂದರು.

"ನಿಮಗೆ ಹೊರೋಕಾಗಲ್ಲ ಅಪ್ಪ."

"ತೆಳ್ಳಗೆ ಕೆತ್ತೋಣ. ನೀನೂ ಕಲ್ತ್ಕೋ. ದನಿ ಇರೋದನ್ನ ಮಾಡು."

ನನಗೆ ಅಲ್ಲೇ ಎಲ್ಲ ಹೇಳಿಬಿಡಬೇಕೆನಿಸಿತು. ಹೇಳದೆ ಕನ್ನಡಿ ಎತ್ತಿಟ್ಟೆ. ಅವರು ಹಿತ್ತಲಿಗೆ ಹೋಗಿ, ಮೂಲೆಯಲ್ಲಿ ಒಣಗಿ ಬಿದ್ದಿದ್ದ ಹಾಲುವಾಣದ ತುಂಡನ್ನು ಕಾಲಿನಿಂದ ಹೊರಳಿಸಿದರು.

ಬೇಬಂಗ್ ಬಾಳೆಲೆಯಲ್ಲಿ ಸುತ್ತಿದ ಬಿಸಿ ಅಕ್ಕಿರೊಟ್ಟಿ ತಂದಳು. ಹೆಬ್ಬೆರಳು ನೋಡಿ ತಲೆ ಆಡಿಸಿದಳು. ಹೊರಟವಳು ಬಾಗಿಲಲ್ಲಿ ತಿರುಗಿದಳು.

"ಒಂದ್ ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡ. ಚೌಕದ ಕಡೆಯವ್ರೆಲ್ಲ ಮಾತಾಡ್ಕೊಳ್ತಿದ್ದಾರೆ. ಪಿನಾ ಅಪ್ಪನ ಮುಖವಾಡ ಕಿತ್ತು, ಎತ್ತಿ ಹಿಡ್ಕೊಂಡು ನಗ್ತಿದ್ಲು ಅಂತ. ಹಲ್ಲೆಲ್ಲ ಕಾಣ್ತಿತ್ತಂತೆ."

"ನಾನು ನಗ್ತಿರ್ಲಿಲ್ಲ ಆಂಟಿ! ನೀರು ಅಂತ ಕೂಗ್ತಿದ್ದೆ! ನೀರು ತನ್ನಿ ಅಂತ!"

"ನಂಗೊತ್ತು ಕಣೆ, ನಾನು ಪಕ್ಕದಲ್ಲೇ ಇದ್ನಲ್ಲ," ಎಂದಳು ಬೇಬಂಗ್. "ಹೋದ್ ವರ್ಷ ತಿನೊನೂ ಹಾಗೇ ಹೇಳ್ದ. ಮುದುಕ ಉಸಿರು ಕಟ್ಟಿ ಬೀಳ್ತಿದ್ದ, ನೀರು ಅಂತ ಕೂಗ್ದೆ ಅಂದ. ಯಾರು ನಂಬಿದ್ರು?"

ಅವಳು ಹೋಗಿ ತುಂಬ ಹೊತ್ತಾಯಿತು. ರೊಟ್ಟಿ ಆರಿ ಹೋಯಿತು.

ಮೊದಲ ಪುಟ ತೆಗೆದೆ. "ತಿನೊ ನಗುತ್ತಿದ್ದ" ಎಂದು ಬರೆದಿದ್ದೇನೆ. ಕಿಟಕಿಯಿಂದ ಚೌಕದ ಆ ತುದಿ ಎಷ್ಟು ದೂರ ಎಂದು ಎದ್ದು ಹೋಗಿ ನೋಡಿ ಬಂದೆ. ಮತ್ತೆ ಬಂದು ಕೂತೆ. ಆ ಸಾಲನ್ನು ಹೊಡೆದು ಹಾಕಲು ಪೆನ್ನು ತೆಗೆದುಕೊಂಡೆ, ಹಾಕಲಿಲ್ಲ. ಅವನ ಮನೆಗೆ ಹೋಗಬೇಕು. ಹೋಗಿ ಏನನ್ನುವುದು?

ಹೊರಗೆ ಅಪ್ಪ ಗೇಟಿನ ಕಂಬ ಬಡಿಯುತ್ತಿದ್ದಾರೆ. ಎರಡು ಸಲ. ನೀರು ಕೊಟ್ಟು ಬರುತ್ತೇನೆ.